ದಸ್ತಗೀರ ನೋಡಿದ ಸಿನಿಮಾಗಳು

ನಿಪ್ಪಾಣಿಯಿಂದ ತರಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಈಗಷ್ಟೇ ಟೆಂಪೋದಿಂದ ಇಳಿಸಿದೆವು. ಒಂದರೊಳಗೊಂದು ಸಿಕ್ಕಿಸಿಟ್ಟ ಹೊಸ ಕುರ್ಚಿಗಳನ್ನು ಎಳೆದು ಬಿಡಿಸುವಾಗ ಒಂದು ಬಿಸಿ ಬಿಸಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನನಗೆ ಚಿಕ್ಕೋಡಿಯ ಆ ಮಾಳಿಗೆ ಮೇಲಿನ ಹಾಲ್ ನೆನಪಾಯಿತು. ನೆನಪಾಯಿತು ಎಂದರೆ ಮನಸ್ಸು ಮೆತ್ತಗಾಯಿತು ಎಂದು ತಿಳಿಯಬೇಡಿ. ಸಿಟ್ಟು ಬಂತು. ಹಳೆಯ ಸಿಟ್ಟೇ, ಆದರೆ ಇನ್ನೂ ಕೆಟ್ಟಿಲ್ಲ. ಒಳ್ಳೆಯ ಉಪ್ಪಿನಕಾಯಿಯ ಹಾಗೆ ಹಳತಾದಷ್ಟೂ ರುಚಿ ಬರುತ್ತಿದೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ. ರಾಯಬಾಗದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಕಬ್ಬಿನ ಹೊಲಗಳ ಬಾವಿ, ಬೋರುಗಳಲ್ಲಿ ಸುಟ್ಟ ಮೋಟಾರುಗಳು ನನ್ನ ಹತ್ತಿರ ಬರುತ್ತವೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ನೀರು ಎತ್ತುವ ಹಾಗೆ ಮಾಡಿ ಕಳಿಸುತ್ತೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ತಲೆ ತಗ್ಗಿಸಿ ಹೇಳುವ ಪದ್ಧತಿ ನನ್ನಲ್ಲಿಲ್ಲ. ಇಂಥವನು ಪರದೇಶದ ಸಿನಿಮಾಗಳ ಬಗ್ಗೆ ಬರೆಯಲು ಕೂತಿದ್ದಾನೆ ಎಂದು ನೀವು ನಗಬಹುದು. ನಗ್ರಿ. ನಮ್ಮ ಮನೆಯಾಕೆ ಲಗ್ನವಾದಂದಿನಿಂದ ನಗುತ್ತಿದ್ದಾಳೆ, ನನಗೆ ರೂಢಿಯಾಗಿದೆ.

ನನ್ನ ಅಂಗಡಿಯ ಎದುರಿಗೇ ದಸ್ತಗೀರನ ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವುದು ಅವನ ಮನೆತನದ ಕಸಬು. ಅವನ ಅಜ್ಜ ಬಿಲ್ಲಿನಿಂದ ಹಿಂಜುತ್ತಿದ್ದ, ಅವನು ಯಂತ್ರದಿಂದ ಹಿಂಜುತ್ತಾನೆ. ನಾವಿಬ್ಬರೂ ಅಲಖನೂರಿನವರು, ಒಂದೇ ಓಣಿಯವರು. ಸಿನಿಮಾದ ಹುಚ್ಚು ನಮಗಿಬ್ಬರಿಗೂ ಒಂದೇ ದಿನ ಹಿಡಿಯಿತು. ಕಬ್ಬು ಕಡಿಯುವ ಕಾಲದಲ್ಲಿ ಊರ ಹೊರಗೆ ಡೇರೆ ಹಾಕಿ ಸಿನಿಮಾ ತೋರಿಸುವವರು ಬರುತ್ತಿದ್ದರು. ಒಮ್ಮೆ ಅದೆಲ್ಲಿಂದಲೋ ಒಂದು ಪರದೇಶದ ಸಿನಿಮಾ ತಂದಿದ್ದರು. ಅದರ ಭಾಷೆ ಯಾವುದೆಂದು ನಮಗೂ ಗೊತ್ತಿರಲಿಲ್ಲ, ಡೇರೆಯವನಿಗೂ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಒಂದು ಕುದುರೆಯನ್ನು ದೋಣಿಯಲ್ಲಿ ನಿಲ್ಲಿಸಿಕೊಂಡು ಸಮುದ್ರ ದಾಟುತ್ತಾನೆ, ಅಷ್ಟೇ. ನಮ್ಮ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಸುಮ್ಮನಿರಲಿಲ್ಲ. "ಏ ಹುಚ್ಚಪ್ಪಾ, ಕುದರಿ ಬೆದರಾಕತ್ತೈತಿ, ಹಗ್ಗಾ ಗಟ್ಟಿ ಹಿಡಿಯೋ!" ಎಂದು ಪರದೆಗೆ ಕೂಗಿದಳು. ಡೇರೆಯ ತುಂಬ ಎಲ್ಲರೂ ಆ ಮನುಷ್ಯನಿಗೆ ಬುದ್ಧಿ ಹೇಳುವವರೇ. ಯಾರೂ ಯಾರಿಗೂ ಸುಮ್ಮನಿರಲು ಹೇಳಲಿಲ್ಲ. ಮುಂದೆ ಜಾಗ ಸಿಗದೆ ನಾನು ಪರದೆಯ ಹಿಂದುಗಡೆ ಕೂತಿದ್ದೆ, ದಸ್ತಗೀರ ಮುಂದುಗಡೆ. ದೋಣಿ ಎಡಕ್ಕೆ ಹೋಯಿತು ಎಂದು ನಾನು, ಬಲಕ್ಕೆ ಹೋಯಿತು ಎಂದು ಅವನು, ಮನೆ ಮುಟ್ಟುವವರೆಗೆ ಜಗಳ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೆವು ಎಂಬುದು ದೊಡ್ಡವರಾದ ಮೇಲೆ ತಿಳಿಯಿತು.

ಇನ್ನು ಚಿಕ್ಕೋಡಿಯ ಮಾತು. ಅಲ್ಲಿ ಕಾಲೇಜಿನಿಂದ ನಿವೃತ್ತರಾದ ಒಬ್ಬ ಸರ್ ಇದ್ದಾರೆ. ಅವರ ಹೊಲದ ಮೋಟಾರು ನನ್ನ ಹತ್ತಿರ ಬಂದಾಗ ಪರಿಚಯ. ಆ ದಿನ ನಾನು ಕೆಲಸ ಮಾಡುತ್ತ ಮೊಬೈಲಿನಲ್ಲಿ ಯಾವುದೋ ದೇಶದ ಸಿನಿಮಾ ಹಚ್ಚಿಕೊಂಡಿದ್ದೆ. ಅವರು ಮೋಟಾರು ಮರೆತು ಅದನ್ನೇ ನೋಡುತ್ತ ನಿಂತರು. "ಐತವಾರ ಮಧ್ಯಾಹ್ನ ನಾವೊಂದಿಷ್ಟ ಮಂದಿ ಕೂಡಿ ಸಿನಿಮಾ ನೋಡ್ತೀವ್ರಿ, ನೀವೂ ಬರ್ರಿ," ಎಂದರು. ನಾನು ದಸ್ತಗೀರನನ್ನೂ ಗಾಡಿಯ ಹಿಂದೆ ಕೂರಿಸಿಕೊಂಡು ಹೋದೆ. ಶಿಕ್ಷಕರು, ವಕೀಲರು, ಬ್ಯಾಂಕಿನವರು ಬರುತ್ತಿದ್ದ ಮಂಡಳ ಅದು. ಸರ್ ಒಳ್ಳೆಯವರು, ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಕಪ್ಪು-ಬಿಳುಪಿನ ಸಿನಿಮಾ ಎಂದರೆ ಹಳಸಿದ ಅನ್ನವಲ್ಲ ಎಂದು ಕಲಿಸಿದವರು ಅವರು. "ಕ್ಯಾಮೆರಾ ಎಲ್ಲಿ ನಿಂತೈತಿ ಅಂತ ನಿಮಗ ನೀವ ಕೇಳ್ಕೋರಿ. ಮನಿ ಒಳಗ ನಿಂತೈತೋ, ಹೊಸ್ತಿಲ ಹೊರಗ ನಿಂತೈತೋ?" ಎನ್ನುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ನಾನು ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ. ಸಿಟ್ಟು ಬೇರೆ, ಕೈ ಮುಗಿಯುವುದು ಬೇರೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ದಸ್ತಗೀರ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಸರಿದ. ಒಂದು ದಿನ, "ಪರದೆ ತೊಳದಿಲ್ಲೇನೋ ಇವ್ರು, ಎಲ್ಲಾ ಮಸಕ ಐತಲ್ಲ," ಎಂದ. ಪರದೆ ಸ್ವಚ್ಛವಾಗಿಯೇ ಇತ್ತು. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಮಿರಜದ ಆಸ್ಪತ್ರೆಗೆ ಹೋಗಿ ಬಂದೆವು, ಮತ್ತೆ ಹೋಗಿ ಬಂದೆವು. ಕೊನೆಗೆ ಉಳಿದದ್ದು ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ. ಗಾದಿ ತುಂಬುವುದಕ್ಕೆ ಕಣ್ಣು ಬೇಡ. ಅಂಗೈಯಿಂದ ಒತ್ತಿ ನೋಡಿದರೆ ಹತ್ತಿ ಎಲ್ಲಿ ಗಂಟಾಗಿದೆ ಎಂದು ತಿಳಿಯುತ್ತದೆ. ಅವನ ಅಂಗಡಿ ನಿಲ್ಲಲಿಲ್ಲ. ಐತವಾರಗಳು ನಿಂತವು.

ಒಂದು ಐತವಾರ ನಾನೇ ಅವನ ಮನೆಗೆ ಹೋದೆ.

"ಏಳಲೇ, ಹೊತ್ತಾತು."

"ಎಲ್ಲಿಗಿ?"

"ಸಿನಿಮಾಕ್ಕ."

"ಕುರುಡನ್ನ ಸಿನಿಮಾಕ್ಕ ಕರ್ಕೊಂಡ ಹೊಂಟಿ, ನಾಳೆ ಬೋಳನ್ನ ಕಟಿಂಗ ಅಂಗಡಿಗಿ ಕರ್ಕೊಂಡ ಹೋಗು."

ಒಳಗಿನಿಂದ ಅವನ ಹೆಂಡತಿ ಹುಸೇನಬಿ ಭಾಬಿ ಕೂಗಿದರು: "ಕರ್ಕೊಂಡ ಹೋಗ್ರಿ ಭಾಯಿ. ಐತವಾರ ಮನ್ಯಾಗ ಕುಂತ್ರ ನನ್ನ ಜೀವಾ ತಿಂತಾರ. ಸಾರಿಗಿ ಉಪ್ಪಿಲ್ಲ, ಚಹಾಕ್ಕ ಸಕ್ರಿ ಇಲ್ಲ."

"ನಿನಗ ಸಕ್ರಿ ಹಾಕಬಾರದಂತ ಡಾಕ್ಟರ ಹೇಳ್ಯಾರಲ್ಲೋ," ಎಂದೆ.

"ಅದನ್ನ ಹೇಳಾಕ ನೀ ಬ್ಯಾರೆ ಬಂದಿ," ಎಂದು ಗೊಣಗುತ್ತ ಅವನು ಅಂಗಿ ಹಾಕಿಕೊಂಡ.

ಆ ದಿನ ಹಳೆಯ ಸಿನಿಮಾ. ಬರ್ಫ ಬೀಳುವ ಯಾವುದೋ ನಾಡು. ರೈಲ್ವೆ ಗೇಟು ಹಾಕಿ ತೆಗೆಯುವ ಒಬ್ಬ ಹೆಂಗಸಿನ ಕಥೆ. ನಾನು ಅವನ ಕಿವಿಗೆ ಬಾಯಿ ಹಚ್ಚಿ ಹೇಳತೊಡಗಿದೆ. ಮಂಡಳದಲ್ಲಿ ಕೇಳಿ ಕೇಳಿ ನನಗೂ ದೊಡ್ಡ ದೊಡ್ಡ ಮಾತು ಬಂದಿದ್ದವು.

"ಆಕೀ ಒಂಟಿತನಾ ತೋರಸಾಕತ್ತಾರ," ಎಂದೆ.

"ಅಂದ್ರ ಏನ ಕಾಣಾಕತ್ತೈತಿ?"

"ಅದ... ಒಂಟಿತನಾ."

"ಒಂಟಿತನಾ ಯಾವ ಬಣ್ಣದ್ದ ಇರತೈತಿ? ಎಮ್ಮೀ ಹಂಗ ಕರ್ರಗೋ, ಆಕಳಾ ಹಂಗ ಬೆಳ್ಳಗೋ? ಅರ್ಥಾ ನಾ ಮಾಡ್ಕೋತೀನಿ. ನೀ ಕಂಡದ್ದ ಹೇಳಲೇ."

ನನಗೆ ಮುಖಕ್ಕೆ ನೀರು ಎರಚಿದಂತಾಯಿತು. ಕಣ್ಣು ಉಜ್ಜಿಕೊಂಡು ಪರದೆ ನೋಡಿದೆ. "ಬರ್ಫ ಬಿದ್ದೈತಿ. ಗೇಟ ಹಾಕೇತಿ. ಆಕಿ ಬಾಜೂಕ ನಿಂತಾಳ. ಕೈಯಾಗ ಕಂದೀಲ ಐತಿ, ಉರಿಯಾಕತ್ತೈತಿ. ಆದ್ರ... ಬೆಳಕ ಹರದೈತಿ."

"ಹಂಗಾರ ರಾತ್ರೆಲ್ಲಾ ನಿಂತಾಳ," ಎಂದ ದಸ್ತಗೀರ.

ಹೌದು, ರಾತ್ರಿಯೆಲ್ಲ ನಿಂತಿದ್ದಳು. ಬರಬೇಕಾದ ಗಾಡಿ ಬಂದಿರಲಿಲ್ಲ, ಕಂದೀಲು ಆರಿಸುವುದನ್ನೂ ಮರೆತಿದ್ದಳು. ಆ ಕಂದೀಲನ್ನು ನಾನೂ ನೋಡಿದ್ದೆ, ಆದರೆ ಬಾಯಿಬಿಟ್ಟು ಹೇಳುವ ತನಕ ಕಂಡಿರಲಿಲ್ಲ. ಅವತ್ತಿನಿಂದ ನಾನು ಸಿನಿಮಾ ನೋಡುವ ರೀತಿ ಬದಲಾಯಿತು. ಇಂಗ್ಲೀಷು ನನಗೆ ಮೋಟಾರಿನ ಫಲಕದ ಮೇಲಿನಷ್ಟೇ ಬರುತ್ತದೆ. ಪರದೆಯ ಕೆಳಗೆ ಓಡುವ ಸಾಲನ್ನು ಅರ್ಧ ಓದುವುದರೊಳಗೆ ಅದು ಹೋಗಿಬಿಟ್ಟಿರುತ್ತದೆ. ಹಾಗಾಗಿ "ಏನಂದ್ಲು?" ಎಂದು ಅವನು ಕೇಳಿದರೆ, "ತಿಳೀಲಿಲ್ಲ. ಆದ್ರ ಅಂದಮ್ಯಾಲೆ ಕಿಡಕಿ ಕಡೆ ನೋಡಿದ್ಲು," ಎನ್ನುತ್ತಿದ್ದೆ. ಬಹಳ ಸಲ ಅವನಿಗೆ ಅಷ್ಟೇ ಸಾಕಾಗುತ್ತಿತ್ತು.

ಇದರಲ್ಲಿ ಒಂದು ತೊಡಕಿತ್ತು. ನಮ್ಮ ಕಡೆ ಕಥೆ ಕೇಳುವವನು ಹೂಂಗುಟ್ಟಬೇಕು. ಹೇಳುವವನು ಒಂದು ಮಾತು ಹೇಳಿದ, ಕೇಳುವವನು "ಹೂಂ" ಎಂದ, ಆಗ ಕಥೆ ಮುಂದಕ್ಕೆ ಹೋಗುತ್ತದೆ. ಹೂಂ ಎನ್ನದಿದ್ದರೆ ಹೇಳುವವನು ನಿಲ್ಲಿಸಿಬಿಡುತ್ತಾನೆ, ಕೇಳುವವನು ನಿದ್ದೆ ಹೋದ ಎಂದೋ, ಮುನಿದ ಎಂದೋ ಅರ್ಥ. ಅಜ್ಜಿಯ ತೊಡೆಯ ಮೇಲೆ ಕಲಿತ ಈ ಪದ್ಧತಿ ದಸ್ತಗೀರನ ಎಲುಬಿನಲ್ಲಿತ್ತು. ನಾನು ಪಿಸುಗುಡುತ್ತಿದ್ದೆ, ಅವನು ಎದೆಯ ತಳದಿಂದ "ಹೂಂ" ಎನ್ನುತ್ತಿದ್ದ. ಪರದೆಯ ಮೇಲೆ ಯಾರೋ ದೊರೆಸಾನಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಚಿಕ್ಕೋಡಿಯ ಕತ್ತಲೆಯಲ್ಲಿ ಎಮ್ಮೆ ಗುಟುರು ಹಾಕಿದಂತೆ "ಹೂಂ!" ಮುಂದಿನ ಸಾಲಿನ ತಲೆಗಳೆಲ್ಲ ಹೊರಳುತ್ತಿದ್ದವು.

ಒಮ್ಮೆ ಒಂದು ಬಂದರಿನ ಸಿನಿಮಾ ಹಾಕಿದರು. ಸರ್ ಅದನ್ನು ಬಹಳ ದೊಡ್ಡ ಕೃತಿ ಎಂದಿದ್ದರು. ಕಲ್ಲಿನ ಕಟ್ಟೆ, ಕಟ್ಟೆಗೆ ಕಟ್ಟಿದ ಹಗ್ಗ, ಆಚೆಗೆ ನೀರು. ಚಹಾ ಕಾಯಿಸಿ ಕುಡಿದು ಬರುವಷ್ಟು ಹೊತ್ತು ಅದನ್ನೇ ತೋರಿಸಿದರು.

"ಮುಂದ?" ಎಂದ ದಸ್ತಗೀರ.

"ಏನೂ ಆಗವಲ್ದು."

"ಹೂಂ. ಮುಂದ?"

"ಇನ್ನಾ ಏನೂ ಆಗವಲ್ದು."

"ಹಗ್ಗಾ?"

"ಹಗ್ಗಾ ಐತಿ. ಸ್ವಲ್ಪ ಅಳ್ಳಾಡತೈತಿ."

"ದೋಣಿ?"

"ದೋಣಿ ಇಲ್ಲ."

ಅವನು ನನ್ನ ಕಡೆ ಬಾಗಿದ. "ದೋಣಿ ಇಲ್ದ ಹಗ್ಗಾ ಯಾಕ ಕಟ್ಟ್ಯಾರ? ಬಿಚ್ಚಾಕ ಯಾರಿಗೂ ಮನಸ್ಸಾಗಿಲ್ಲ ಕಾಣತೈತಿ." ಆಮೇಲೆ ಬಹಳ ಹೊತ್ತು ಹೂಂ ಎನ್ನಲಿಲ್ಲ. ನಿದ್ದೆ ಹೋಗಿರಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡಿದ್ದ. ಏನೂ ಆಗದಿರುವುದನ್ನು ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಸುಮ್ಮನಿರಬೇಕು, ಆದರೆ ನೋಡುವುದನ್ನು ಬಿಡಬಾರದು. ಸಿನಿಮಾದಲ್ಲಿ ಮೌನವೂ ಒಂದು ಮಾತೇ ಎಂದು ಸರ್ ಹೇಳುತ್ತಿದ್ದರು, ಈ ವಿಷಯದಲ್ಲಿ ಅದು ನೂರಕ್ಕೆ ನೂರು ಖರೆ. ನಾನು ಒಪ್ಪಿದ್ದೇನೆ. ಒಪ್ಪಲಾರದ್ದು ಮುಂದೆ ಇದೆ.

ಮಳೆಗಾಲದ ಒಂದು ಐತವಾರ ಹೊಸ ಸಿನಿಮಾ ಬಂತು. ಗುಡ್ಡಗಾಡಿನ ಯಾವುದೋ ದೇಶದ್ದು, ಈಚಿನದು. ಇಬ್ಬರು ಅಣ್ಣತಮ್ಮಂದಿರು ಪೇಟೆಯಿಂದ ಒಂದು ಫ್ರಿಜ್ ಕೊಂಡು, ಬೆನ್ನ ಮೇಲೆ ಹೊತ್ತು ಗುಡ್ಡ ಏರುತ್ತಾರೆ. ತಾಯಿ ಬೇಡಿದ್ದಾಳೆ. ಕೊನೆಗೆ ಊರು ಮುಟ್ಟಿದರೆ ಆ ಊರಲ್ಲಿ ಕರೆಂಟೇ ಇಲ್ಲ. ಹಾಲ್ ಸುಮ್ಮನೆ ಕೂತಿತ್ತು, ಎಲ್ಲರ ಮುಖ ಬಡತನದ ಭಾರದಿಂದ ಇಳಿದಿತ್ತು. ನಾನು ಹೇಳಿದೆ: "ಮುದುಕಿ ಫ್ರಿಜ್ಜಿನ ಬಾಗಲಾ ತಗದ್ಲು. ಒಳಗ ಮಡಚಿದ ಅರಬಿ ಇಟ್ಲು. ಅದರ ಮ್ಯಾಲ ಕುರಾನಿನಂಥಾ ಒಂದ ಪುಸ್ತಕಾ ಇಟ್ಲು. ಬಾಗಲಾ ಹಾಕಿದ್ಲು. ಈಗ ಮುಂದ ನಿಂತ ನೆರೆಯಾರಿಗಿ ತೋರಸಾಕತ್ತಾಳ."

ದಸ್ತಗೀರ ಹೋ ಎಂದು ನಕ್ಕ. "ಅರಬಿ ಇಡೂ ಟ್ರೆಜರಿ ಮಾಡ್ಯಾಳಲೇ ಮುದುಕಿ! ಬರೋಬ್ಬರಿ ಮಾಡ್ಯಾಳ. ಕರೆಂಟ ಬರೂದ ಯಾರ ಕಾಯಬೇಕು?"

ದೀಪ ಹಾಕಿದರು. ಸಿನಿಮಾ ಇನ್ನೂ ಮುಗಿದಿರಲಿಲ್ಲ.

ವಕೀಲರೊಬ್ಬರು ಎದ್ದು ನಿಂತರು. "ಸರ್, ಇದಕ್ಕೊಂದ ನಿಕಾಲಿ ಆಗಬೇಕ್ರಿ. ಪ್ರತಿ ವಾರ ಇದ ಆಗೇತಿ. ಅವರ ಬಗ್ಗೆ ನಮಗ ಕನಿಕರ ಐತಿ, ಆದ್ರ ಕಾಣಲಾರದವ್ರು ಮನ್ಯಾಗ ಹಾಡ ಕೇಳಬಹುದಲ್ರಿ. ಸಿನಿಮಾ ಯಾಕ್ರಿ?"

ಸರ್ ಮುಖ ಬಾಡಿತು. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು: "ನೀವು ಮಾಡೂದು ತಪ್ಪಂತ ನಾ ಅನ್ನೂದಿಲ್ರಿ. ಆದ್ರ ಸಿನಿಮಾ ಅಂದ್ರ ನೋಡೂದ್ರಿ. ಮಾಡಿದವಾ ಮಾತ ಬ್ಯಾಡಂತ ಬಿಟ್ಟಲ್ಲೆ ನೀವು ಮಾತ ತುಂಬಾಕತ್ತೀರಿ."

ನಾನು ಎದ್ದು ನಿಂತೆ. ಕೆಲಸ ಮಾಡಿ ತಿನ್ನುವವನಿಗೆ ಸಿಟ್ಟು ಬಂದರೆ ಭಾಷಣ ಬರುವುದಿಲ್ಲ, ತೊದಲು ಬರುತ್ತದೆ. ಆದರೂ ಹೇಳಿದೆ: "ಸರ್, ಸಿನಿಮಾ ಕಣ್ಣಿಗಿ ಬೀಳತೈತಿ, ಖರೆ. ಆದ್ರ ಕಣ್ಣಾಗ ಉಳೀತೈತೇನ್ರಿ? ನೀವು ಮನಿಗಿ ಹೋಗಿ ನಿಮ್ಮ ಮನಿ ಬಾಯಾರ ಮುಂದ ಹೇಳೂದಿಲ್ಲೇನ್ರಿ, ಇವತ್ತ ಇಂಥಾದ್ದ ನೋಡಿದ್ನಿ ಅಂತ? ಹಂಗಾರ ಬಾಯಾರು ಏನೂ ನೋಡಲಿಲ್ಲ ಅಂತೀರೇನು? ಇವಾ ನನ್ನ ಸಂಗಾಟ ಡೇರೇದಾಗಿಂದ ಸಿನಿಮಾ ನೋಡ್ಯಾನ. ಇವನ್ನ ಬಿಟ್ಟ ನಾ ಒಬ್ಬಾಂವ ನೋಡಿದ್ರ ಅರ್ಧಾ ನೋಡಿದಂಗ." ಇನ್ನೂ ಏನೇನೋ ಅಂದೆ. ವಕೀಲರಿಗೆ ಅನ್ನಬಾರದ್ದು ಒಂದೆರಡು ಮಾತು ಅದರಲ್ಲಿದ್ದವು. ಅವನ್ನು ಇಲ್ಲಿ ಬರೆಯುವುದಿಲ್ಲ, ವಾಪಸ್ಸೂ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಕೈ ಎತ್ತಿಸುವುದೆಂದಾಯಿತು. ಹಾಲ್‌ನಲ್ಲಿ ಮಾತು ಬೇಡ ಎನ್ನುವವರು ಕೈ ಎತ್ತಬೇಕು.

ಕೈಗಳು ಎದ್ದವು. ದಸ್ತಗೀರ ನನ್ನ ಅಂಗಿ ಜಗ್ಗಿದ. "ಏನ ಆಗಾಕತ್ತೈತಿ? ಹೇಳು."

ಸುಳ್ಳು ಹೇಳಬಹುದಾಗಿತ್ತು. ಅರ್ಧಕ್ಕರ್ಧ ಎನ್ನಬಹುದಾಗಿತ್ತು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನು ಮುಖ ಎತ್ತಿ ಪರದೆಯ ಕಡೆ ಕೂತಿದ್ದ, ಸಿನಿಮಾದ ಮುಂದೆ ಕೂತ ಹಾಗೆಯೇ, ಕಿವಿ ನನ್ನ ಕಡೆ.

"ಬಹಳ ಕೈ ಎದ್ದಾವು," ಎಂದೆ. "ಮುಂದಿನ ಸಾಲ ಪೂರಾ ಎದ್ದೈತಿ. ವಕೀಲರದು ಎಲ್ಲಾರಕಿಂತ ಮ್ಯಾಲ ಐತಿ. ನಿಪ್ಪಾಣಿ ಬಾಯಿ ಕೈ ಕಟ್ಟಿ ಕುಂತಾರ, ಎತ್ತಿಲ್ಲ."

"ಸರ್?"

"ಸರ್ ಕೈ ಅರ್ಧಾ ಎದ್ದೈತಿ. ಭುಜದ ಮಟಾ. ಮ್ಯಾಲ ನೋಡವಲ್ರು, ನೆಲಾ ನೋಡಾಕತ್ತಾರ."

"ಹೂಂ," ಎಂದ ದಸ್ತಗೀರ. ಎದ್ದು ನಿಂತ. "ಮುಂದ ಹೇಳು. ಬಾಗಲಾ ಎಲ್ಲಿ ಐತಿ?"

ನಿಪ್ಪಾಣಿ ಬಾಯಿ ಎಂದೆನಲ್ಲ, ಅವರು ಮರಾಠಿ ಶಾಲೆಯ ಶಿಕ್ಷಕಿ. ನಾವು ಹೊರಡುವಾಗ ಸರ್ ಕಡೆ ತಿರುಗಿ, "ಅಸೂ ದ್ಯಾ ನಾ ಸರ್, ಕಾಯ್ ಬಿಘಡ್ತಂಯ್?" ಎಂದರು. ಇರಲಿ ಬಿಡಿ, ಅದರಿಂದ ಏನು ಕೆಡುತ್ತದೆ ಎಂದು.

ದಸ್ತಗೀರನನ್ನು ಹಿಂದೆ ಕೂರಿಸಿಕೊಂಡು ಗಾಡಿ ಹೊರಡಿಸಿದೆ. ಕಬ್ಬಿನ ಹೊಲಗಳ ನಡುವೆ ಬಂದಾಗ ಹಿಂದಿನಿಂದ ಅವನ ದನಿ: "ಮುಂದಿನ ಐತವಾರ ಯಾವ ಸಿನಿಮಾ?"

"ಎಲ್ಲಿ?"

"ನನ್ನ ಅಂಗಡ್ಯಾಗ. ಗಾದಿ ಅದಾವು, ಲೋಡ ಅದಾವು. ಚಿಕ್ಕೋಡ್ಯಾಗ ವಕೀಲರಿಗಿ ಎಂದಾದ್ರೂ ಸಿಕ್ಕಾವೇನು ಇಷ್ಟ ಮೆತ್ತನ ಕುರ್ಚಿ?"

ಹೀಗೆ ನಮ್ಮ ಸಿನಿಮಾ ಶುರುವಾಯಿತು. ಗಾದಿಗೆ ಹಾಕುವ ಬಿಳಿಯ ಬಟ್ಟೆಯೇ ಪರದೆ. ಎದುರಿನ ಚಹಾದಂಗಡಿಯವನು ಬಂದ, ಟೇಲರು ಬಂದ, ಭಾಬಿಯ ನೆರೆಯ ಹೆಂಗಸರು ಬಂದರು. ಎಲ್ಲರೂ ಮಾತಾಡುತ್ತಾರೆ. ನಾನು ಈಗ ಕಿವಿಯಲ್ಲಿ ಹೇಳುವುದಿಲ್ಲ, ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಕಣ್ಣಿದ್ದವರೂ ಕೇಳುತ್ತಾರೆ, ಏಕೆಂದರೆ ಅವರಿಗೂ ಇಂಗ್ಲೀಷು ಬಾರದು. ಸಿನಿಮಾ ತಜ್ಞರು ಇದನ್ನು ಅಪಚಾರ ಎನ್ನಲಿ. ಯಾವ ದೂರದ ದೇಶದವನೋ ಬರ್ಫಿನಲ್ಲಿ ನಿಂತು ತೆಗೆದ ಚಿತ್ರ ರಾಯಬಾಗದ ಗಾದಿ ಅಂಗಡಿಯಲ್ಲಿ ಜಗಳ ಹಚ್ಚುತ್ತದೆ ಎಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಆ ಚಿತ್ರಕ್ಕೆ ಯಾವುದು? ಒಂದೇ ಕೊರತೆ: ಗಾದಿಯ ಮೇಲೆ ಅಡ್ಡಾದವರು ಅರ್ಧಕ್ಕೇ ಗೊರಕೆ ಹೊಡೆಯುತ್ತಾರೆ. ಅದಕ್ಕೇ ಈ ಕುರ್ಚಿಗಳು.

ಸರ್ ಆಗೀಗ ಫೋನ್ ಮಾಡುತ್ತಾರೆ. "ಒಳ್ಳೆ ಸಿನಿಮಾ ಬಂದಾವ್ರಿ, ನೀವಾದ್ರೂ ಬರ್ರಿ," ಎನ್ನುತ್ತಾರೆ. "ಎರಡ ಕುರ್ಚಿ ಹಾಕಸ್ರಿ ಸರ್, ಬರ್ತೀನಿ," ಎನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಈಗಿನ ಜಗಳ ಮಾತ್ರ ಚಿಕ್ಕೋಡಿಯವರ ಜೊತೆಗಲ್ಲ, ದಸ್ತಗೀರನ ಜೊತೆಗೆ. ಹೋದ ಐತವಾರ ಹೊಸದೊಂದು ಸಿನಿಮಾ ನೋಡಿದೆವು. ಮಗಳನ್ನು ಚಿಕ್ಕವಳಿದ್ದಾಗಲೇ ಬಿಟ್ಟು ಹೋದ ತಂದೆ ಮುಪ್ಪಿನಲ್ಲಿ ಅವಳ ಮನೆಗೆ ಬರುತ್ತಾನೆ. ಕೊನೆಗೆ ಇಬ್ಬರೂ ಊಟದ ಮೇಜಿಗೆ ಎದುರು ಬದುರು ಕೂರುತ್ತಾರೆ. ಅವಳು ಅವನ ತಟ್ಟೆಗೆ ಬಡಿಸಿ ನಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು. "ಕ್ಷಮಾ ಮಾಡಿದ್ಲು," ಎಂದೆ.

"ಮಾಡಿಲ್ಲ," ಎಂದ ದಸ್ತಗೀರ.

"ನೀ ಎಲ್ಲಿ ನೋಡಿದಿ? ನಕ್ಕಳಲೇ!"

"ನೀನ ಹೇಳಿದಿಯಲ್ಲಾ, ಒಂದ ಕೈಲೆ ಬಡಿಸಿದ್ಲು, ಇನ್ನೊಂದ ಕೈ ಮೇಜಿನ ಕೆಳಗ ಇತ್ತಂತ. ಕ್ಷಮಾ ಮಾಡಾಕಿ ಕೈ ಯಾಕ ಮುಚ್ಚಿಡತಾಳ? ಆ ಮುದುಕಾ ಊಟಾ ಮಾಡಿ ಹೋಗ್ಲಿ ಅಂತ ಬಡಿಸ್ಯಾಳ ಅಷ್ಟ. ನೀ ಅಳಾಕ ತಯಾರಾಗಿ ಕುಂತಿದ್ದಿ, ಅದಕ್ಕ ನಿನಗ ಹಂಗ ಕಂಡೈತಿ."

ಮನೆಗೆ ಹೋಗಿ ಮೊಬೈಲಿನಲ್ಲಿ ಮತ್ತೆ ನೋಡಿದೆ. ಕೈ ಮೇಜಿನ ಕೆಳಗೇ ಇದೆ. ಆದರೂ ನಾನು ಒಪ್ಪಿಲ್ಲ. ಕೆಳಗಿದ್ದ ಕೈ ಮುಷ್ಟಿ ಹಿಡಿದಿತ್ತೆಂದು ಯಾರು ಹೇಳಿದರು? ಸೆರಗು ಹಿಡಿದಿರಬಹುದು, ನಡುಗುತ್ತಿರಬಹುದು. ವಾರವಿಡೀ ಅವನು ಹತ್ತಿ ಹಿಂಜುತ್ತ, ನಾನು ತಂತಿ ಸುತ್ತುತ್ತ, ರಸ್ತೆಯ ಆಚೆ ಈಚೆ ಕೂಗಾಡಿದ್ದೇವೆ. ಗಿರಾಕಿಗಳು ಯಾರೋ ಬೀಗರ ಮನೆಯ ಜಗಳ ಎಂದುಕೊಂಡು ಸಮಾಧಾನ ಹೇಳಿ ಹೋಗಿದ್ದಾರೆ. ಕೊನೆಗೆ ಅದೇ ಸಿನಿಮಾವನ್ನು ಇವತ್ತು ಮತ್ತೆ ಹಾಕುವುದೆಂದು ತೀರ್ಮಾನವಾಗಿದೆ. ಆದರೆ ದಸ್ತಗೀರ ಒಂದು ಷರತ್ತು ಹಾಕಿದ್ದಾನೆ.

"ನೀ ಹೇಳೂದ ಬ್ಯಾಡ. ನೀ ಆ ಮಗಳ ಕಡೆ ಆಗೀದಿ. ನಮ್ಮಾಕಿ ಹೇಳ್ಲಿ. ನೀ ಟಾವೆಲ್ಲಿಲೆ ಕಣ್ಣ ಕಟಗೊಂಡ ನನ್ನ ಬಾಜೂಕ ಕುಂದ್ರು. ಇವತ್ತ ಇಬ್ರೂ ಸಮಾ ಸಮಾ ನೋಡೂಣು."

"ನಂಗೇನ ತಿಳೀತೈತ್ರಿ ಸಿನಿಮಾ?" ಎಂದರು ಭಾಬಿ.

"ತಿಳಿಯೂದ ಬ್ಯಾಡ. ಕಂಡದ್ದ ಹೇಳು."

ಭಾಬಿ ಹೋದ ವಾರ ಬೀಗರ ಊರು ಮಂಗಸೂಳಿಗೆ ಹೋಗಿದ್ದರು, ಆ ಸಿನಿಮಾ ನೋಡಿಲ್ಲ. ಅವರು ತಂದೆಯ ಕಡೆಯೂ ಅಲ್ಲ, ಮಗಳ ಕಡೆಯೂ ಅಲ್ಲ. ಇಷ್ಟು ವರ್ಷ ಪರದೆಯ ಮುಂದೆ ಕೂತವನು ನಾನು, ಮೊದಲ ಸಲ ಇನ್ನೊಬ್ಬರ ಬಾಯಿಯನ್ನು ನಂಬಿ ಕೂರಬೇಕಾಗಿದೆ. ಅವರು ಒಂದು ಬೆರಳು ಹೇಳುವುದನ್ನು ಮರೆತರೂ ನನ್ನ ಅರ್ಧ ಸಿನಿಮಾ ಹೋಯಿತು. ದಸ್ತಗೀರ ಪ್ರತಿ ಐತವಾರ ನನ್ನ ಪಕ್ಕ ಹೀಗೆ ಕೂರುತ್ತಿದ್ದ, ಆ ಚಿಕ್ಕೋಡಿಯ ಮಂದಿಯ ನಡುವೆ.

ಇರಲಿ. ಕಣ್ಣು ಕಟ್ಟಿದರೂ ನಾನು ಸೋಲುವವನಲ್ಲ. ಆ ಕೈ ಕ್ಷಮಿಸಿದ ಕೈ. ಭಾಬಿ ಕರೆಯುತ್ತಿದ್ದಾರೆ: "ಬರ್ರಿ ಭಾಯಿ, ಚಾಲೂ ಮಾಡೇನಿ. ಇಲ್ಲೊಂದು ಬಾಗಲಾ ಐತಿ ನೋಡ್ರಿ, ಹೊರಗ ಯಾರೋ ನಿಂತಾರ..."